ನಾಲ್ಕು ಊರಿನ ನೀರು

ಊರು ಬಿಡುವುದಕ್ಕೆ ಜನ ಕೊಡುವ ಕಾರಣಗಳು ಸಾಮಾನ್ಯವಾಗಿ ದೊಡ್ಡವು. ನಮ್ಮ ಮನೆಯ ಕಾರಣ ಒಂದು ಕಾಲು. ನನ್ನ ಮಗಳ ಬಲಗಾಲು.

ನೋಡಿದ್ದನ್ನು ನೋಡಿದಷ್ಟೇ ಹೇಳುತ್ತೇನೆ. ಮೇಲುಕೋಟೆ ಬೆಟ್ಟದ ಕೆಳಗಿರುವ ನಮ್ಮ ಹಳ್ಳಿಗೆ ಬೆಳಿಗ್ಗೆ ಬರುವ ಬಸ್ಸು ಬರುವಾಗಲೇ ತುಂಬಿರುತ್ತದೆ. ಮಗಳು ಪಲ್ಲವಿ ಆಗ ಎರಡನೇ ಪಿಯುಸಿ. ಅವಳ ಎಡಗಾಲು ಮೆಟ್ಟಿಲ ಮೇಲಿತ್ತು, ಬಲಗಾಲು ಇನ್ನೂ ಗಾಳಿಯಲ್ಲಿತ್ತು, ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟಿತು. ಅವಳು ಹಿಂದಕ್ಕೆ ವಾಲಿದಳು. ಒಳಗಿನಿಂದ ಯಾರೋ ಒಬ್ಬ ಅಜ್ಜಿ ಅವಳ ಚೀಲದ ಪಟ್ಟಿ ಹಿಡಿದು ಒಳಗೆಳೆದುಕೊಂಡಳು. ನಾನು ರಸ್ತೆಯ ಆಚೆ ಸ್ಕೂಟರಿನ ಪಕ್ಕ ನಿಂತಿದ್ದೆ. ಬಸ್ಸು ತಿರುವು ದಾಟಿದ ಮೇಲೆ ಸ್ಕೂಟರನ್ನು ಮನೆಯ ಕಡೆಗೇ ತಿರುಗಿಸಿದೆ.

ಸಂಜೆ ಪಲ್ಲವಿ ಏನೂ ಆಗದವಳಂತೆ ಬಂದು ಮಂಡಕ್ಕಿ ತಿಂದಳು. ಅವಳು ಖೋ ಖೋ ಆಡುವವಳು. ಬೀಳುವುದು ಏಳುವುದು ಅವಳಿಗೆ ಆಟದ ಭಾಗ. ಅಲುಗಾಡಿದವರು ನಾವಿಬ್ಬರು. ನನ್ನ ಹೆಂಡತಿ ಸಾವಿತ್ರಿ ಅಂದೇ ತೀರ್ಮಾನ ಹೇಳಿಬಿಟ್ಟಳು: "ಡಿಗ್ರಿಗೆ ಸೇರೋದಾದ್ರೆ ಕಾಲೇಜಿರೋ ಊರಲ್ಲೇ ಮನೆ ಮಾಡಾನ. ಆಸ್ಟ್ಲು ಗೀಸ್ಟ್ಲು ನಂಗಾಗಾಕಿಲ್ಲ. ಊರು ಒಪ್ಪದಿದ್ರೆ ಓದಿದ್ದು ಸಾಕು, ಮನೇಲಿರ್ಲಿ."

ಊರು ಒಪ್ಪಬೇಕಾದದ್ದು ಸಾವಿತ್ರಿಗೆ. ಮಗಳ ಓದು ನಿಂತಿದ್ದುದು ಆ ಒಂದು ಒಪ್ಪಿಗೆಯ ಮೇಲೆ.

ನಾನು ಹೈಸ್ಕೂಲು ಮೇಷ್ಟ್ರು. ಊರು ಆರಿಸುವುದೆಂದರೆ ಅಧ್ಯಾಪಕರು, ಪುಸ್ತಕಾಲಯ, ಬಾಡಿಗೆ, ದೂರ ಎಂದುಕೊಂಡಿದ್ದೆ. ಸಾವಿತ್ರಿಗೆ ಒಂದೇ ಪ್ರಶ್ನೆ: ಆ ಊರಿನ ನೀರಿನಲ್ಲಿ ಬೇಳೆ ಬೇಯುತ್ತದೆಯೆ? ಇದು ಅವಳ ತವರಿನ ಕ್ರಮ. ಹೆಣ್ಣು ಕೊಡುವ ಮೊದಲು ಗಂಡಿನ ಊರಿನ ನೀರು ತಂದು ತೊಗರಿಬೇಳೆ ಬೇಯಿಸಿ ನೋಡುತ್ತಾರೆ. ನಮ್ಮೂರಿನ ನೀರು ಒಳ್ಳೆಯ ಅಂಕ ಪಡೆದು ಪಾಸಾಗಿತ್ತಂತೆ. ನನ್ನನ್ನು ಅಷ್ಟು ಕೂಲಂಕಷವಾಗಿ ಯಾರೂ ಪರೀಕ್ಷಿಸಲಿಲ್ಲ.

ನಗಬೇಡಿ. ನಾನೂ ಮೊದಲು ನಕ್ಕಿದ್ದೆ. ಆಮೇಲೆ ಯೋಚಿಸಿದೆ. ಶ್ರೀರಂಗಪಟ್ಟಣದಲ್ಲಿ ಕೋಟೆ ಕಟ್ಟಿದವರು ಹೊಳೆ ಸುತ್ತುವರಿದ ಜಾಗ ಹುಡುಕಿದರು. ಮೇಲುಕೋಟೆಯ ಪಂಡಿತರು ಬೆಟ್ಟದ ನೆತ್ತಿಯಲ್ಲಿ ಕೂತು ಶಾಸ್ತ್ರ ಹೇಳಿದರೂ ಪಕ್ಕದಲ್ಲಿ ಕೊಳ ಇಟ್ಟುಕೊಂಡೇ ಹೇಳಿದರು. ಹೊಟ್ಟೆಗೆ ಸಾರು ಬೀಳದೆ ಯಾವ ವಿದ್ಯೆಯೂ ತಲೆಗೆ ಏರಿದಂತಿಲ್ಲ.

ಹೀಗೆ ಭಾನುವಾರಕ್ಕೊಂದು ಊರಿನಂತೆ ನಾವು ಮೂವರೂ ಖಾಲಿ ಬಾಟಲಿ ಹಿಡಿದು ಹೊರಟೆವು. ಹೆಂಗಸರಿಗೆ ಬಸ್ಸು ಬಿಟ್ಟಿಯಾದ್ದರಿಂದ ಟಿಕೆಟು ನನಗೊಬ್ಬನಿಗೇ. ಶ್ರೀರಂಗಪಟ್ಟಣದಲ್ಲಿ ಮನೆ ತೋರಿಸಿದಾಕೆ ಬಾಟಲಿ ನೋಡಿ, "ಸುತ್ತಾ ಕಾವೇರಮ್ಮ ಹರೀತಾವ್ಳೆ, ನೀವು ನೀರ್ ಪರೀಕ್ಷೆ ಮಾಡಾಕೆ ಬಂದಿದ್ದೀರಲ್ಲಕ್ಕ" ಎಂದು ನಕ್ಕಳು. ಪಾಂಡವಪುರದಲ್ಲಿ ಒಬ್ಬರು ನಮ್ಮನ್ನು ನೀರಿನ ಇಲಾಖೆಯವರೆಂದು ತಿಳಿದು ಕಾಫಿ ಕೊಟ್ಟರು. ನಾನು ತಿದ್ದುವ ಮೊದಲೇ ಕಾಫಿ ಬಂದಿತ್ತು. ನಾಗಮಂಗಲದಲ್ಲಿ ತೆಂಗಿನ ತೋಟದ ಪಕ್ಕದ ಮನೆ. ಯಜಮಾನರು, "ನೀರ್ಗೇನ್ ಬರ ಇಲ್ಲ ಬುಡಿ ಮೇಷ್ಟ್ರೆ, ಬೋರ್ ಅದೆ" ಎಂದರು. ಸಾವಿತ್ರಿ, "ಬರಾದು ಬತ್ತದೆ ಕನಣ್ಣ, ಬೇಯ್ತದಾ?" ಎಂದಳು. ಅವರು ಇದಕ್ಕೆ ಸಿದ್ಧರಿರಲಿಲ್ಲ.

ಕೊನೆಯದು ಕೆ.ಆರ್. ಪೇಟೆ. ಕಾಲೇಜಿನ ಮೈದಾನದಲ್ಲಿ ಹುಡುಗಿಯರು ಖೋ ಖೋ ಆಡುತ್ತಿದ್ದರು. ಪಲ್ಲವಿ ಕಾಂಪೌಂಡಿಗೆ ಒರಗಿ ನಿಂತವಳು ಕರೆದರೂ ಬರಲಿಲ್ಲ. ಅಲ್ಲಿಂದ ಎರಡು ಬೀದಿ ಆಚೆ ಮನೆ ಸಿಕ್ಕಿತು. ಸಾವಿತ್ರಿ ಬೋರಿನ ನೀರನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಮುಖ ಸಿಂಡರಿಸಿದಳು. ಮಗಳು ಅದನ್ನು ನೋಡಿದಳು.

ಮುಂದಿನ ವಾರ ನಮ್ಮ ಅಡುಗೆಮನೆಯಲ್ಲಿ ಪರೀಕ್ಷೆ ನಡೆಯಿತು. ನಾಲ್ಕು ಪಾತ್ರೆ, ನಾಲ್ಕು ಊರಿನ ನೀರು, ಒಂದೇ ಡಬ್ಬಿಯ ಬೇಳೆ. ನಾಗಮಂಗಲದ ಬೇಳೆ ಕೊನೆಯವರೆಗೂ ಮರಳಿನಂತೆ ಸದ್ದು ಮಾಡಿತು. ಪಾಂಡವಪುರದ್ದು ಅರೆಬರೆ. ಶ್ರೀರಂಗಪಟ್ಟಣದ್ದು ಚೆನ್ನಾಗಿತ್ತು. ಆದರೆ ಎಲ್ಲಕ್ಕಿಂತ ಮೊದಲು ಮೆತ್ತಗೆ ಕರಗಿದ್ದು ಕೆ.ಆರ್. ಪೇಟೆಯದು. ಸಾವಿತ್ರಿ ಸೌಟಿನಲ್ಲಿ ಅದನ್ನು ಎತ್ತಿ ನೋಡಿದಳು, ಮಗಳ ಕಡೆ ನೋಡಿದಳು, "ಸರಿ, ಪೇಟೆಗೇ ಓಗಾನ" ಎಂದಳು. ಜಮೀನನ್ನು ನನ್ನ ತಮ್ಮನಿಗೆ ನೋಡಿಕೊಳ್ಳಲು ಹೇಳಿ, ನಾನು ಸ್ಕೂಲಿಗೆ ಸ್ಕೂಟರಿನಲ್ಲೇ ಹೋಗಿಬರುವುದೆಂದು ಮಾಡಿ, ಟ್ರಾಕ್ಟರಿನಲ್ಲಿ ಸಾಮಾನು ಹೇರಿದೆವು.

ಹೊಸ ಮನೆಯಲ್ಲಿ ಮೊದಲ ಅಡುಗೆಗೆ ಕುಕ್ಕರು ಕೂಗಿತು, ಮತ್ತೆ ಕೂಗಿತು, ಕೂಗುತ್ತಲೇ ಇತ್ತು. ಮುಚ್ಚಳ ತೆಗೆದರೆ ಬೇಳೆ ಹಾಕಿದ ಹಾಗೇ ಇತ್ತು. ನನಗೆ ಅರ್ಥವಾಗಲಿಲ್ಲ. ಅದೇ ಮನೆ, ಅದೇ ಬೋರು. ಪಲ್ಲವಿ ನನ್ನನ್ನು ಹಿತ್ತಲಿಗೆ ಕರೆದಳು.

"ಅಪ್ಪ, ಅವತ್ತು ಬಾಟ್ಲೀಲಿ ಇದ್ದುದ್ದು ಈ ನೀರಲ್ಲ. ನಮ್ಮೂರ ನಲ್ಲಿ ನೀರು. ನಾನೇ ತುಂಬ್ಸಿಟ್ಟಿದ್ದೆ."

"ಯಾಕವ್ವ ಅಂಗ್ ಮಾಡ್ದೆ?"

"ನಾಕೂರ್ ಸುತ್ತುದ್ರಿ. ಸಿಕ್ಕಿದೋರ್ನೆಲ್ಲ ಕೇಳುದ್ರಿ. ಓದೋಳು ನಾನು, ಯಾವೂರ್ ಬೇಕು ಅಂತ ನನ್ನೊಬ್ಬಳನ್ನ ಬುಟ್ಟು."

ನಾನೂ ಸಾವಿತ್ರಿಯೂ ಹುಡುಕಿದ್ದು ನಮ್ಮ ಹೆದರಿಕೆ ಇಳಿಸಿಕೊಳ್ಳಲು ಒಂದು ಜಾಗ. ಓದುವ ಊರನ್ನು ಹುಡುಕಿದವಳು ಅವಳೊಬ್ಬಳೇ.

ಸಾವಿತ್ರಿಗೆ ಹೇಗೆ ಹೇಳುವುದೆಂದು ಎರಡು ದಿನ ಪೀಠಿಕೆ ತಯಾರಿಸಿದೆ. ಶುರು ಮಾಡುತ್ತಿದ್ದಂತೆ ಅವಳು ರಾಗಿ ಕೇರುವ ಮೊರ ಕೆಳಗಿಟ್ಟಳು.

"ನೀರ್ ವಿಷ್ಯ ತಾನೇ? ಮದ್ವೆಯಾದಾಗ್ನಿಂದ ಆ ನೀರಲ್ಲೇ ಬೇಯ್ಸಿವ್ನಿ. ನೊರೆ ಉಕ್ಕಿದ್ ನೋಡ್ದೇಟ್ಗೆ ಗೊತ್ತಾಯ್ತು."

"ಮತ್ಯಾಕೆ ಸುಮ್ಕಿದ್ದೆ?"

"ಅದು ನಮ್ಮೂರ ನೀರು ಅಂದಿದ್ರೆ ಈ ಊರು ತಪ್ಪೋಗದು. ಬ್ಯಾರೆ ಊರಲ್ಲಿ ಇವ್ಳು ಬೇಯ್ತಿದ್ಲು. ಬೇಳೆ ಬೇಯ್ಸಾಕೆ ನಂಗೆ ಬತ್ತದೆ, ಬುಡಿ."

ಈಗ ನಮ್ಮ ಮನೆಯಲ್ಲಿ ತೊಗರಿಬೇಳೆಯನ್ನು ಮಧ್ಯಾಹ್ನವೇ ನೆನೆಹಾಕುತ್ತಾರೆ. ಸಂಜೆ ಆಟ ಮುಗಿಸಿ, ಮಂಡಿಯ ಮೇಲೆ ಮೈದಾನದ ಮಣ್ಣು ಹೊತ್ತು ಪಲ್ಲವಿ ನಡೆದೇ ಮನೆಗೆ ಬರುತ್ತಾಳೆ. ಅಷ್ಟು ಹೊತ್ತಿಗೆ ಬೇಳೆ ಬೆಂದಿರುತ್ತದೆ.