ಮೂರನೇ ಮಹಡಿಯ ಕಂಕರ್

ನಮ್ಮ ಅಪ್ಪನಿಗೆ ಒಂದು ಚಟವಿತ್ತು. ಬೀಡಿಯದಲ್ಲ, ಶೆರೆಯದೂ ಅಲ್ಲ. ಕೆಲಸವಿಲ್ಲದ ದಿನ ಒಗೆದ ಅಂಗಿ ತೊಟ್ಟು ಉಪ್ಪಲ್‌ನಲ್ಲಿ ಬಸ್ಸು ಹತ್ತಿ ಮೆಹದಿಪಟ್ಟಣಂಗೆ ಹೋಗುವುದು, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಅಪಾರ್ಟ್‌ಮೆಂಟಿನ ಎದುರು ನಿಂತು ಅದರ ಮೂರನೇ ಮಹಡಿ ನೋಡುವುದು, ತಿರುಗಿ ಬರುವುದು. ಅಷ್ಟೇ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಪ್ಪ ಬಂದ ಕೂಡಲೇ ಒದರುತ್ತಿದ್ದೆ, ಮಂದಿ ಮನೆಯ ಕಿಟಕಿ ನೋಡುತ್ತ ನಿಂತರೆ ಕಳ್ಳ ಅಂತ ಹಿಡಿದುಕೊಡುತ್ತಾರೆ ಅಂತ. ಅಪ್ಪ ಸುಮ್ಮನೆ ಕಾಲು ತೊಳೆದು ಚಹಾ ಕೇಳುತ್ತಿದ್ದ.

ಆ ಮೂರನೇ ಮಹಡಿಯಲ್ಲಿ ನಾವು ಒಂದು ಬೇಸಿಗೆ ಇದ್ದೆವು. ಬಾಡಿಗೆಗಲ್ಲ. ಅಪ್ಪ, ಅವ್ವ ರಾಯಚೂರು ಕಡೆಯಿಂದ ಈ ತೆಲುಗು ಪಟ್ಟಣಕ್ಕೆ ದುಡಿಯಲು ಬಂದವರು, ಆ ಕಟ್ಟಡ ಕಟ್ಟಿದವರು. ಇಂಥವರಿಗೆ ಕಟ್ಟುವ ಜಾಗವೇ ಮನೆ. ನಾನು ಊರಲ್ಲಿ ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆಗೆ ಹೋಗುತ್ತಿದ್ದೆ, ಸೂಟಿಗೆ ಮಾತ್ರ ಇವರ ಹತ್ತಿರ ಬರುತ್ತಿದ್ದೆ. ಉಳಿದ ಸೂಟಿಗಳಲ್ಲಿ ತಗಡಿನ ಶೆಡ್ಡು, ಹತ್ತು ಮಂದಿಯ ನಡುವೆ ಒಂದು ಮೂಲೆ. ಆ ಬೇಸಿಗೆ ಮಾತ್ರ ಮೇಸ್ತ್ರಿ ಒಂದು ಕೋಣೆಯನ್ನು ನಮಗಷ್ಟೇ ಬಿಟ್ಟಿದ್ದ. ಬಾಗಿಲಿಲ್ಲ, ಕಿಟಕಿಯ ಜಾಗದಲ್ಲಿ ಬರೀ ಬಯಲು, ಗೋಡೆಗೆ ಗಿಲಾವಿಲ್ಲ. ಆದರೂ ನಾವು ಮೂವರೇ ಇದ್ದದ್ದು ಅಂತ ಹೇಳಿಕೊಳ್ಳಲು ಜೀವಮಾನದಲ್ಲಿ ನನಗಿರುವುದು ಆ ಒಂದೇ ಮನೆ.

ಅವ್ವ ಬುಟ್ಟಿ ತುಂಬ ಕಂಕರ್, ಅಂದರೆ ಜಲ್ಲಿಕಲ್ಲು, ಹೊತ್ತು ದಿನವಿಡೀ ಹತ್ತಿ ಇಳಿಯುತ್ತಿದ್ದಳು. ಎಲ್ಲಕ್ಕಿಂತ ಮೇಲಿನ ಸ್ಲ್ಯಾಬ್ ಹಾಕಿದ ಮೇಲೆ ಅದು ಗಟ್ಟಿಯಾಗಲೆಂದು ಸುತ್ತ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ನನಗೆ ಅದೇ ಕೆರೆ. ಅವ್ವ ಅಲ್ಲೇ ನನ್ನ ತಲೆ ತಿಕ್ಕಿ ತೊಳೆದು, ನೀನು ಎದ್ದರೆ ನೀರು ಕಮ್ಮಿಯಾಗುತ್ತದೆ, ಇನ್ನೂ ಸ್ವಲ್ಪ ಕೂತಿರು ಅಂತ ಚಾಷ್ಟಿ ಮಾಡುತ್ತಿದ್ದಳು. ಸಂಜೆ ಉಂಡಾದ ಮೇಲೆ ಮೂವರೂ ಗೋಡೆಗೆ ಒರಗಿ, ಕಾಲು ಚಾಚಿ ಕೂರುತ್ತಿದ್ದೆವು. ಆ ಕಡೆ ಅಪ್ಪ, ಈ ಕಡೆ ನಾನು, ನಡುವೆ ಅವ್ವ. ಕೆಳಗೆ ಬಸ್ಸುಗಳ ದೀಪ ಕಾಣುತ್ತಿತ್ತು.

ಮುಂದಿನ ಬೇಸಿಗೆಗೆ ಅವ್ವ ಇರಲಿಲ್ಲ. ಜ್ವರ ಬಂತು, ಹೋದಳು. ಅಷ್ಟರಲ್ಲಿ ಕಟ್ಟಡಕ್ಕೆ ಪಿಸ್ತಾ ಬಣ್ಣ ಬಳಿದು, ಗೇಟು ಹಚ್ಚಿ, ಮಂದಿ ಬಂದು ಸೇರಿದ್ದರು. ಅಪ್ಪ ಒಮ್ಮೆ ಹೋಗಿ ಅದರ ಮೆಟ್ಟಿಲ ಮೇಲೆ ಕೂತಿದ್ದನಂತೆ. ವಾಚ್‌ಮನ್ ಬಂದು, ಇದೇನು ನಿಮ್ಮಪ್ಪನ ಮನೆಯಾ ಅಂತ ಎಬ್ಬಿಸಿ ಕಳಿಸಿದ. ಅಂದಿನಿಂದ ಅಪ್ಪ ಗಲ್ಲಿಯ ಈ ಬದಿಗೇ ನಿಂತು ನೋಡುತ್ತಿದ್ದ.

ಈಗ ನಾನು ಉಪ್ಪಲ್ ಆಚೆಗಿನ ಪ್ಲಾಂಟಿನಲ್ಲಿ ಕೆಲಸ ಮಾಡುತ್ತೇನೆ. ಈ ಪಟ್ಟಣದಲ್ಲಿ ಕೆಡವಿದ ಮನೆಗಳೆಲ್ಲ ಟಿಪ್ಪರ್ ತುಂಬಿ ಅಲ್ಲಿಗೆ ಬರುತ್ತವೆ. ಅವನ್ನು ಒಡೆದು ಓಡುವ ಬೆಲ್ಟಿನ ಮೇಲೆ ಬಿಡುತ್ತಾರೆ. ನಾವು ಹೆಂಗಸರು ಆಚೀಚೆ ನಿಂತು ಕಟ್ಟಿಗೆ, ವೈರು, ಪ್ಲಾಸ್ಟಿಕ್ಕು, ಅರಿವೆ ಆರಿಸಿ ಬಿಸಾಡುತ್ತೇವೆ. ಉಳಿದದ್ದು ಪುಡಿಯಾಗಿ, ಜರಡಿ ಹಿಡಿದು, ತೊಳೆದು ಮತ್ತೆ ಕಂಕರ್ ಆಗುತ್ತದೆ, ಮರಳಾಗುತ್ತದೆ. ಇದರಿಂದ ಕಲ್ಲಿಗಾಗಿ ಒಡೆಯುವ ಗುಡ್ಡಗಳು ಉಳಿಯುತ್ತವೆ ಅಂತ ನೋಡಲು ಬಂದವರಿಗೆ ಸಾಹೇಬರು ಹೇಳುತ್ತಾರೆ. ಸುಳ್ಳಲ್ಲ. ಹಳೆಯ ಕಂಕರ್ ಹೊಸದಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ. ಹೊಟ್ಟೆ ತುಂಬ ಕುಡಿಸಿದ ಮೇಲೇ ಸಿಮೆಂಟಿಗೆ ಕಲಸಬೇಕು. ಅದರಿಂದ ಫುಟ್‌ಪಾತಿನ ಬ್ಲಾಕ್‌ಗಳನ್ನು ಅಲ್ಲೇ ಮಾಡುತ್ತಾರೆ.

ಬಂದ ಟಿಪ್ಪರ್‌ನ ಡ್ರೈವರನಿಗೆ ಇದು ಎಲ್ಲಿಯ ಮನೆ ಅಂತ ಕೇಳುವುದು ನನ್ನ ಅಭ್ಯಾಸ. ಹೋದ ಮಳೆಗಾಲ ಒಬ್ಬ ಮೆಹದಿಪಟ್ಟಣಂ ಅಂದ. ಯಾವ ಗಲ್ಲಿ ಅಂದೆ. ಹೇಳಿದ. ಬಣ್ಣ ಯಾವುದಿತ್ತು ಅಂದೆ. ನಿನಗೆ ಯಾಕೆ ಬೇಕು ಅಂತ ನಗುತ್ತ ಟಿಪ್ಪರ್ ಎತ್ತಿದ. ಪಿಸ್ತಾ ಬಣ್ಣದ ತುಂಡುಗಳು ದಬದಬ ಬಿದ್ದವು. ಅಲ್ಲಿ ಇನ್ನೂ ಎತ್ತರದ ಕಟ್ಟಡ ಬರುತ್ತದಂತೆ, ಅದಕ್ಕೇ ಕೆಡವಿದರಂತೆ.

ಅವತ್ತು ಬೆಲ್ಟಿನ ಮುಂದೆ ನನ್ನ ಕೈ ಓಡಲಿಲ್ಲ. ಹೋಗುವ ಒಂದೊಂದು ಕಲ್ಲನ್ನೂ ಹಿಡಿದು ಕೇಳಬೇಕು ಅನಿಸಿತು, ನಿನ್ನನ್ನು ಹೊತ್ತವಳು ಅವ್ವನಾ ಅಂತ. ವೈರು ಆರಿಸದೆ ಬಿಟ್ಟಿದ್ದಕ್ಕೆ ಪಕ್ಕದವಳು ಬೈದಳು. ಬೆಲ್ಟು ಯಾರಿಗೂ ನಿಲ್ಲುವುದಿಲ್ಲ.

ಅಪ್ಪನಿಗೆ ಹೇಳುವುದು ಹೇಗೆ? ಮೊಣಕಾಲು ನೋವಿನಿಂದ ಅವನು ಬಹಳ ದಿನ ಆ ಕಡೆ ಹೋಗಿರಲಿಲ್ಲ. ದಸರೆಗೆ ಹೋಗೋಣ, ದಸರೆಗೆ ಹೋಗೋಣ ಅಂತ ಜಪ ಮಾಡುತ್ತಿದ್ದ. ನಾನು ಮಳೆಯ ನೆವ ಹೇಳಿದೆ, ಕಾಲಿನ ನೆವ ಹೇಳಿದೆ. ಹಬ್ಬದ ಮುಂಜಾನೆ ಅಂಗಿ ತೊಟ್ಟು ಕೋಲು ಹಿಡಿದು ನಿಂತೇಬಿಟ್ಟ. ನನಗೆ ತಲೆ ಕೆಟ್ಟುಹೋಯಿತು.

"ಏನ್ ನೋಡ್ತಿ ಅಲ್ಲಿ? ಕೆಡವ್ಯಾರ. ಏನೂ ಉಳಿದಿಲ್ಲ," ಅಂದುಬಿಟ್ಟೆ.

ಅಪ್ಪ ಕೋಲು ಬಿಡದೆ ಹಾಗೇ ಮಂಚದ ಮೇಲೆ ಕೂತ. ಆಮೇಲೆ ಕೇಳಿದ.

"ಎಲ್ಲಿ ಚೆಲ್ಯಾರ?"

ಚೆಲ್ಲಿಲ್ಲ, ನಮ್ಮ ಪ್ಲಾಂಟಿಗೇ ಬಂತು, ನನ್ನ ಕಣ್ಣ ಮುಂದೆಯೇ ಪುಡಿಯಾಯಿತು ಅಂದೆ.

"ನಿಮ್ಮವ್ವ ಹೊತ್ತಿದ್ದು?"

"ಅದೂ ಅದರಾಗ ಐತೆಪ್ಪ."

"ಮತ್ತ ಈಗ ಎಲ್ಲೈತಿ?"

ಕೂಲಿ ಮನುಷ್ಯ, ಸಾಮಾನು ಎಲ್ಲಿಗೆ ಹೋಯಿತು ಅಂತ ತಿಳಿಯದೆ ಬಿಡುವವನಲ್ಲ. ಆ ರಾಶಿಯ ಬ್ಲಾಕ್‌ಗಳು ಹೋದ ಜಾಗ ನನಗೆ ಗೊತ್ತಿತ್ತು. ನಮ್ಮ ಉಪ್ಪಲ್‌ನಲ್ಲೇ, ಮೆಟ್ರೋ ಕಡೆ ಹೋಗುವ ರಸ್ತೆಯ ಫುಟ್‌ಪಾತು. ಅದರಲ್ಲಿ ಬೇರೆ ಎಷ್ಟೋ ಮನೆಗಳ ಪುಡಿಯೂ ಕೂಡಿದೆ. ಅದನ್ನು ಅಪ್ಪ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೆಲ್ಲಗೆ ನಡೆಸಿಕೊಂಡು ಹೋದೆ. ಬೂದುಬಣ್ಣದ ಬ್ಲಾಕ್‌ಗಳು, ನೋಡಲು ಏನೂ ಇಲ್ಲ. ಅಪ್ಪ ಬಗ್ಗಿ ಒಂದನ್ನು ಅಂಗೈಯಿಂದ ಸವರಿದ. ಆಮೇಲೆ ಕೋಲು ಬದಿಗಿಟ್ಟು, ಒಂದು ಕಂಪೌಂಡ್ ಗೋಡೆಗೆ ಒರಗಿ, ಕಾಲು ಚಾಚಿ ಕೂತೇಬಿಟ್ಟ. ಹಬ್ಬದ ದಿನ, ಅಷ್ಟು ಮಂದಿ ಓಡಾಡುವ ಜಾಗ! ಏಳಪ್ಪ ಅನ್ನಲು ಬಾಯಿ ತೆರೆದೆ.

"ಇಲ್ಲಿ ಯಾರೂ ಎಬ್ಬಸಂಗಿಲ್ಲ," ಅಂದ ಅಪ್ಪ. "ನೀನೂ ಕುಂದರು. ಅಷ್ಟು ಹತ್ರ ಬ್ಯಾಡ. ನಿಮ್ಮವ್ವಗ ಜಾಗಾ ಬಿಡು."

ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತೆ. ಅವ್ವ ಬೇಕಿತ್ತು ಅನಿಸಿತು. ಇಷ್ಟು ದೊಡ್ಡವಳಾದ ಮೇಲೂ, ಅವಳ ತೋಳಿಗೆ ನನ್ನ ತೋಳು ತಾಗುವಂತೆ ಕೂರಬೇಕು ಅನಿಸಿತು. ಇಬ್ಬರೂ ಬಸ್ಸು ನೋಡುತ್ತಿದ್ದೆವು.

ಅಷ್ಟರಲ್ಲಿ ಚೆಂಡು ಹೂವಿನ ಚೀಲ ಹಿಡಿದ ಒಬ್ಬ ಮನುಷ್ಯ ಅವಸರದಲ್ಲಿ ಬಂದ. ಚೀಲ ಗೋಡೆಗಿಟ್ಟು ಚಪ್ಪಲಿ ಸರಿಮಾಡಿಕೊಳ್ಳಲು ನಮ್ಮಿಬ್ಬರ ನಡುವೆ ಕಾಲಿಡಹೋದ. ನನಗೆ ಎಲ್ಲಿತ್ತೋ ಸಿಟ್ಟು. ಕಣ್ಣು ಕಾಣುವುದಿಲ್ಲವಾ, ಇಲ್ಲಿ ಮಂದಿ ಕೂತಿದ್ದಾರೆ, ಆ ಕಡೆ ಹೋಗು ಅಂತ ತೆಲುಗಿನಲ್ಲಿ ಗದರಿದೆ. ಅವನು ಖಾಲಿ ಜಾಗ ನೋಡಿದ, ನನ್ನ ಮುಖ ನೋಡಿದ. ಕಾಲು ಹಿಂದೆ ತೆಗೆದು, ಸುತ್ತು ಹಾಕಿಕೊಂಡು ಹೋದ.