ಅಳತೆಗೆ ನಿಂತ ಅತ್ತೆ

“ಅಳತಿ ಕೋಲು ಮರತು ಬಂದೇನ್ರಿ. ಯವ್ವಾ, ನೀವ ಸ್ವಲ್ಪ ಆ ಗೋಡಿ ಬಾಜೂಕ ನಿಂದರ್ರಿ, ಎತ್ತರ ಗೊತ್ತಾಗತೈತಿ,” ಎಂದರು ನಮ್ಮ ಬಾವಿಯ ಫೋಟೋ ತೆಗೆಯಲು ಬಂದಿದ್ದ ಎಂಜಿನಿಯರ್. ರಾಮದುರ್ಗದ ಹತ್ತಿರದ ನಮ್ಮೂರಿನಲ್ಲಿ, ಊರಬಾವಿ ಮುಟ್ಟಗೊಡದ ಕಾಲಕ್ಕೆ ದಲಿತ ಕೇರಿಯ ಹಿರಿಯರೇ ತೋಡಿದ ಕಲ್ಲಿನ ಮೆಟ್ಟಿಲುಬಾವಿ ಅದು. ಫೋಟೋ ಒಪ್ಪಿಗೆಯಾದರೆ ದುರಸ್ತಿಗೆ ಅನುದಾನ; ಇಲ್ಲವಾದರೆ ಮಣ್ಣು ತುಂಬಿ ಮುಚ್ಚುವ ಮಾತಿತ್ತು.

ನನ್ನ ಅತ್ತೆ ಗಂಗವ್ವ, “ಹಿಂಗ ಹೆಂಗ ನಿಂದರ್ಲಿ? ತಡೀರಿ!” ಎಂದು ಮನೆಗೆ ಓಡಿ, ಇಳಕಲ್ ಸೀರೆ ಉಟ್ಟು, ಹೂ ಮುಡಿದು ಬಂದರು. ಅದನ್ನು ನೋಡಿ ಕೇರಿಯ ಹೆಂಗಸರೆಲ್ಲ ಸೀರೆ ಬದಲಿಸಲು ಓಡಿದರು. ಎಂಜಿನಿಯರ್ ಬೇಡ ಅನ್ನುವಷ್ಟರಲ್ಲಿ ಮೆಟ್ಟಿಲಿಗೊಬ್ಬರು ನಿಂತಾಗಿತ್ತು. ನಗು ತಡೆಯಲಾಗದೆ ಅವರ ಕ್ಯಾಮೆರಾವೇ ಅಲುಗಾಡುತ್ತಿತ್ತು!

ಅನುದಾನ ಮಂಜೂರಾಯಿತು. ಮೊನ್ನೆ ಕೆಲಸಕ್ಕೆ ಬಂದ ಗೌಂಡಿ ಗೋಡೆಯ ಎತ್ತರ ಕೇಳಿದಾಗ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು: “ಎರಡು ಗಂಗವ್ವ!”

ಚಿಕ್ಕವರಿದ್ದಾಗ ಊರಬಾವಿಯ ಕಟ್ಟೆ ಮುಟ್ಟಿದ್ದಕ್ಕೆ ಬೈಸಿಕೊಂಡಿದ್ದ ಅತ್ತೆ ಈಗ ಎದೆ ಸೆಟೆಸಿ ನಡೆಯುತ್ತಾರೆ. ಇನ್ನಷ್ಟು ಎತ್ತರವಾದರೆ ಗೋಡೆಯ ಲೆಕ್ಕ ತಪ್ಪೀತು ಅನ್ನುವುದೊಂದೇ ನಮ್ಮ ಚಿಂತೆ!