ಅಕ್ಕನ ಮನೆಗೆ ಕೊಂಡೊಯ್ದ ಬುದ್ಧ

ಕಡೂರಿನಲ್ಲಿ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದಾಗ ನನ್ನ ಬಳಿ ಇದ್ದದ್ದು ಎರಡೇ ಸಾಮಾನು: ಒಂದು ಕೈಚೀಲ, ಇನ್ನೊಂದು ಹಳೆಯ ಟವೆಲಿನಲ್ಲಿ ಸುತ್ತಿದ ಬುದ್ಧನ ಮೂರ್ತಿ. ಹತ್ತು ರೂಪಾಯಿಯ ಟಿಕೆಟ್ಟು, ಶಿವನಿಯವರೆಗೆ ಹೆಚ್ಚೆಂದರೆ ಒಂದೂವರೆ ಗಂಟೆ. ಇಷ್ಟು ಹತ್ತಿರದ ಊರಿಗೆ ಮತ್ತೆ ಹೋಗಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಶಿವನಿಯಲ್ಲಿ ನನ್ನ ಅಕ್ಕ ಇದ್ದಾಳೆ. ಭಾವ ತೀರಿಕೊಂಡಾಗ ನಾನು ಮಂಗಳೂರಿನಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದೆ. ಬಂದು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. "ಮುಖ ನೋಡಕ್ಕೂ ಬರ್ಲಿಲ್ವಲ್ಲೇ" ಅಂದ ಅಕ್ಕ ಆಮೇಲೆ ನನ್ನ ಫೋನು ಎತ್ತಲೇ ಇಲ್ಲ. ಮದುವೆಯಾಗದೆ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದ ನನ್ನನ್ನು ಕಡೂರಿನಲ್ಲಿ ಎಲ್ಲರೂ ಮೇಡಂ ಅನ್ನುತ್ತಾರೆ. ಲೇ ಎಂದು ಕರೆಯಲು ಉಳಿದಿರುವವಳು ಅಕ್ಕ ಒಬ್ಬಳೇ. ಅವಳೂ ಮಾತು ಬಿಟ್ಟರೆ ಗತಿಯೇನು ಎಂದು ಭಯವಾಗಿತ್ತು.

ಬರಿಗೈಯಲ್ಲಿ ಹೋಗಲು ಧೈರ್ಯ ಸಾಲದೆ ಹಿಂದಿನ ದಿನ ಗಿಫ್ಟ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಮೊದಲು ಮಲಗಿದ ಬುದ್ಧನನ್ನು ಇಳಿಸಿ, "ಇದು ಕೊನೆಗಾಲದ್ದು ಮೇಡಂ" ಅಂದರು. ಸಾವಾದ ಮನೆಗೆ ಅದು ಬೇಡವೆಂದು ಭಾರಿ ಜಾಣೆಯ ಹಾಗೆ ಕೂತ ಬುದ್ಧನನ್ನು ಆರಿಸಿದೆ. ಪದ್ಮಾಸನ, ಮುಚ್ಚಿದ ಕಣ್ಣು, ಮಡಿಲಲ್ಲಿ ಬಿಚ್ಚಿದ ಎಡ ಅಂಗೈ. ಬಲಗೈ ಬೆರಳು ನೆಲ ಮುಟ್ಟಿತ್ತು. "ಜ್ಞಾನ ಆದಾಗ ಭೂಮಿತಾಯೀನೇ ಸಾಕ್ಷಿಗೆ ಕರೆದ್ನಂತೆ ಕಣ್ರೀ. ಮನೇಲಿದ್ರೆ ಶಾಂತಿ" ಅಂದರು.

ಬೀರೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನ ತೊಡೆಯ ಮೇಲಿನ ಗಂಟು ನೋಡಿ, "ಮಗು ಮಲಗೈತಾ?" ಎಂದು ಕೇಳಿದಳು. ಬುದ್ಧ ಅಂದೆ. "ಓ, ಶೋಕೇಸಿಗಾ" ಎಂದು ನಕ್ಕು ಅಜ್ಜಂಪುರದಲ್ಲಿ ಇಳಿದುಹೋದಳು. ಬೋಗಿಯಲ್ಲಿ ನಾನೊಬ್ಬಳೇ ಉಳಿದೆ. ಬಿಸಿಲು ಆಗಲೇ ಸುಡುತ್ತಿತ್ತು.

ಅಕ್ಕ ಬಾಗಿಲು ತೆಗೆದು "ಬಾ" ಅಂದಳು, ಅಷ್ಟೇ. ಕಾಫಿ ಕುಡಿದು ಟವೆಲು ಬಿಚ್ಚಿದೆ. ಅವಳು ಗೋಡೆ ಹಿಡಿದು ಕೂತುಬಿಟ್ಟಳು.

ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪದ್ಮಾಸನ ಹಾಕಿಸಿ ಗೋಡೆಗೊರಗಿಸಿ ಕೂರಿಸುತ್ತಾರೆ, ಹಣೆತುಂಬ ವಿಭೂತಿ ಬಳಿದು ಎಡ ಅಂಗೈಯಲ್ಲಿ ಅವರ ಲಿಂಗ ಇಡುತ್ತಾರೆ. ಕೂತಂತೆಯೇ ಮಣ್ಣು ಮಾಡುತ್ತಾರೆ. ಹುಟ್ಟಿದಾಗಿನಿಂದ ಗೊತ್ತಿದ್ದ ಈ ವಿಷಯ ಅಂಗಡಿಯಲ್ಲಿ ನನ್ನ ತಲೆಗೆ ಹೊಳೆದಿರಲೇ ಇಲ್ಲ. ನಾಚಿಕೆಯಿಂದ ಮೂರ್ತಿಯನ್ನು ಮುಚ್ಚಲು ಹೋದೆ.

"ಇರ್ಲಿ ಬಿಡು" ಎಂದು ಅಕ್ಕ ನನ್ನ ಕೈ ಹಿಡಿದಳು. "ನಿಮ್ ಭಾವನ್ನೂ ಇದೇ ಗೋಡೆಗೆ ಹಿಂಗೇ ಕೂರ್ಸಿದ್ರು." ಬುದ್ಧನ ಖಾಲಿ ಅಂಗೈಯಲ್ಲಿ ಬೆರಳಿಟ್ಟಳು. "ಇಲ್ಲಿ ಲಿಂಗ ಇತ್ತು. ಈ ಬಲಗೈ ಮಾತ್ರ ನಿಲ್ತಿರ್ಲಿಲ್ಲ ಕಣೇ. ಜಾರಿ ಜಾರಿ ಚಾಪೆ ಮುಟ್ತಿತ್ತು. ನಾನು ಎತ್ತಿಡೋದು, ಅದು ಜಾರೋದು." ಮೂರ್ತಿಯನ್ನು ನನ್ನ ಕಡೆ ತಿರುಗಿಸಿ, "ನೀನು ನೋಡಿರ್ಲಿಲ್ವಲ್ಲ. ನೋಡ್ಕೊಳ್ಳೇ. ಹಿಂಗಿದ್ರು" ಅಂದಳು.

ನೋಡಿದೆ. ನಾಲ್ಕು ತಿಂಗಳಿಂದ ಬಾರದ ಅಳು ಬಂತು. ಅಕ್ಕನೂ ಅತ್ತಳು.

ಮುದ್ದೆ, ಹುರುಳಿಸಾರು ಉಂಡು ಹೊರಟಾಗ ಮೂರ್ತಿಯನ್ನು ಅವಳೇ ತಂದಳು. "ದಿನಾ ಇದರ ಮುಖ ನೋಡ್ಕೊಂಡು ಇರಕ್ಕಾಗಲ್ಲ ಕಣೇ. ನೀನೇ ಇಟ್ಕೋ" ಎನ್ನುತ್ತ ಟವೆಲು ಸುತ್ತಿದಳು. ಬಲಗೈಯ ಮೇಲೆ ಇನ್ನೊಂದು ಸುತ್ತು ಜಾಸ್ತಿಯೇ ಹಾಕಿದಳು.

ಹಿಂದಿರುಗುವ ರೈಲಿನಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ. ಮನೆ ಬೀಗ ತೆಗೆದು ಬುದ್ಧನನ್ನು ಗೋಡೆಗೆ ತಾಗಿಸಿಟ್ಟು ಎದುರಿಗೆ ಕೂತೆ. ದೀಪ ಹಚ್ಚುವ ಹೊತ್ತಿಗೆ ಅಕ್ಕನಿಗೆ ಫೋನು ಮಾಡಿದೆ. ಎತ್ತಿದಳು.

"ತಲುಪಿದ್ಯೇನೇ?"

"ಹ್ಞೂಂ. ಏನ್ ಮಾಡ್ತಿದೀಯಕ್ಕಾ?"

"ಏನಿಲ್ಲ ಕಣೇ, ಸುಮ್ನೆ ಕೂತಿದೀನಿ. ನೀನು?"

"ನಾನೂ" ಅಂದೆ.